ಚಂದಯ್ಯನಿಗೆ ಕೇಳಿಸಿದ ಸದ್ದು

ಅರಾಟೆ ಸೇತುವೆ ಹತ್ತುವಾಗ ವಿನಯಾಳ ಕಾರು ಮತ್ತೆ ಸೋತಿತು. ಆಕ್ಸಿಲರೇಟರನ್ನು ತಳಕ್ಕೆ ತಾಗುವಷ್ಟು ಒತ್ತಿದರೂ ವೇಗದ ಮುಳ್ಳು ಎಂಬತ್ತರಿಂದ ನಲವತ್ತಕ್ಕೆ ಇಳಿಯಿತು. ಎದುರಿಗೆ ಇಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಪಕ್ಕಕ್ಕೆ ಸರಿದು ದಾಟಿಹೋಯಿತು.

ಸೇತುವೆ ಇಳಿದು, ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿ ಆರಿಸಿದಳು. ಮತ್ತೆ ಚಾಲೂ ಮಾಡಿದಾಗ ಏನೂ ಆಗದಂತೆ ಕಾರು ಓಡಿತು. ಎರಡು ವಾರದಲ್ಲಿ ಇದು ಐದನೆಯ ಸಲ.

ಹಿಂದಿನ ಸೀಟಿನಲ್ಲಿ ಅಪ್ಪ ಚಂದಯ್ಯ ಕಣ್ಣು ಮುಚ್ಚಿ ಕುಳಿತಿದ್ದ. ಮೂವತ್ತು ವರ್ಷ ಗಂಗೊಳ್ಳಿಯ ಮೀನಿನ ಬೋಟುಗಳಲ್ಲಿ ಇಂಜಿನ್ ನೋಡಿಕೊಂಡವನು. ಹೋದ ವರ್ಷ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಉಪ್ಪುಂದದ ಮನೆಯಿಂದ ಕುಂದಾಪುರಕ್ಕೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ವಿನಯಾಳ ಗಂಡ ಜಿತೇಂದ್ರ ಮಲ್ಪೆಯ ಬೋಟಿನಲ್ಲಿ ಸಮುದ್ರಕ್ಕೆ ಹೋದರೆ ಹತ್ತು ದಿನ ಬರುವವನಲ್ಲ. ಹಾಗಾಗಿ ಈ ಹಳೆಯ ಡೀಸೆಲ್ ಕಾರು, ಅದರ ಸ್ಟೇರಿಂಗು, ಎರಡೂ ಅವಳ ಪಾಲಿಗೇ ಬಂದಿದ್ದವು.

ಹೆಮ್ಮಾಡಿಯ ಪ್ರೇಮಾನಂದನ ಗ್ಯಾರೇಜಿಗೆ ಆಗಲೇ ಎರಡು ಸಲ ಹೋಗಿದ್ದಳು. ಮೊದಲ ಸಲ ಡೀಸೆಲ್ ಫಿಲ್ಟರ್ ಬದಲಾಯಿಸಿದ, ಎರಡನೆಯ ಸಲ ಒಂದು ಸೆನ್ಸರ್. ಈಗ ಸ್ಕ್ಯಾನರ್ ಸಿಕ್ಕಿಸಿ ನೋಡಿ ತಲೆ ಕೆರೆದುಕೊಂಡ.

"ಇಲ್ ನಿಲ್ಸಿ ಕಂಡ್ರೆ ಎಲ್ಲ ಸಮ ಇತ್ತ್ ವಿನಯಕ್ಕ. ಟರ್ಬೋ ಗಾಳಿ ಒತ್ತಡ ಕಮ್ಮಿ ಅಂತ್ ಮಿಷನ್ ತೋರ್ಸತ್ತ್. ಎಲ್ ಕಮ್ಮಿ ಅಂತ್ ಹೇಳುದಿಲ್ಲೆ."

"ಹಂಗಾರೆ ಎಂತ ಮಾಡುದ್?"

"ಟರ್ಬೋನೇ ಹೋಯ್ತಾ ಎಂತದೋ. ಬಿಚ್ಚಿ ಉಡುಪಿಗೆ ಕಳ್ಸ್ಕ್. ಒಂದ್ ವಾರ ಗಾಡಿ ಇಲ್ಲೇ ಬಿಡಿ."

ಒಂದು ವಾರ ಎಂದರೆ ಮೂರು ಡಯಾಲಿಸಿಸ್. ಕಾರನ್ನು ಬಿಡಲಾಗದೆ ವಾಪಸು ತಂದಳು.

ಅಂದಿನಿಂದ ಅವಳ ಕಿವಿಗೆ ಬಿಡುವಿಲ್ಲವಾಯಿತು. ಇಂಜಿನ್ನಿನ ಪ್ರತಿ ಸದ್ದಿಗೂ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದಳು. ಮನೆಯಲ್ಲಿ ಮೀನು ಹೆಚ್ಚುತ್ತಾ ಕುಳಿತಾಗಲೂ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು.

ಬುಧವಾರ ಬೆಳಿಗ್ಗೆ ಚಂದಯ್ಯ ಚಾಪೆ ಬಿಟ್ಟು ಏಳಲಿಲ್ಲ. "ಗಾಡಿ ಸಮ ಇಲ್ಲೆ. ಇವತ್ತ್ ಬೇಡ. ಒಂದ್ ದಿನ ತಪ್ರೆ ಎಂತ ಆತ್ತಿಲ್ಲೆ" ಎಂದ. ದಾರಿಯ ಹೆದರಿಕೆಯಲ್ಲಿ ವಿನಯಾ ಒಪ್ಪಿಬಿಟ್ಟಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವನ ಕಾಲು ಊದಿ, ಮಲಗಿದರೆ ಉಸಿರು ಕಟ್ಟತೊಡಗಿತು. ರಿಕ್ಷಾದಲ್ಲಿ ಹಾಕಿಕೊಂಡು ಕುಂದಾಪುರಕ್ಕೆ ಓಡಿದಳು. ನರ್ಸು ಬೈದದ್ದು ಅಪ್ಪನನ್ನಲ್ಲ, ಅವಳನ್ನು. ಇನ್ನು ಏನೇ ಆಗಲಿ, ಒಂದು ದಿನವೂ ತಪ್ಪಿಸುವುದಿಲ್ಲ ಎಂದುಕೊಂಡಳು.

ಮುಂದಿನ ಸೋಮವಾರ ಅದೇ ಕಾರಿನಲ್ಲಿ ತ್ರಾಸಿ ಕಳೆದ ಮೇಲೆ ಕೆಂಪುಕಲ್ಲು ತುಂಬಿದ ಟಿಪ್ಪರನ್ನು ದಾಟಲು ಬಲಕ್ಕೆ ಹೋದಳು. ಟಿಪ್ಪರಿನ ಸರಿಸಮಕ್ಕೆ ಬಂದಾಗ ಕಾರು ಸೋತಿತು. ಕನ್ನಡಿಯ ತುಂಬ ಗ್ಯಾಸ್ ಟ್ಯಾಂಕರೊಂದರ ಮುಖ ಕಂಡಿತು. ಎಡಕ್ಕೆ ಟಿಪ್ಪರ್, ಬಲಕ್ಕೆ ಡಿವೈಡರ್. ಟ್ಯಾಂಕರಿನವನು ಬ್ರೇಕ್ ಹೊಡೆದ ಕಿರುಚಾಟ ಕೇಳಿಸಿತು. ಟಿಪ್ಪರ್ ಮುಂದೆ ಹೋದ ಕೂಡಲೇ ಅವಳು ಎಡಕ್ಕೆ ಎಳೆದುಕೊಂಡಳು. ಟ್ಯಾಂಕರ್ ಕಾರಿನ ಬಲಗನ್ನಡಿಯನ್ನು ಕಿತ್ತುಕೊಂಡು ಹೋಯಿತು.

ರಸ್ತೆ ಬದಿಯಲ್ಲಿ ನಿಂತ ಮೇಲೂ ಅವಳ ಕೈ ಸ್ಟೇರಿಂಗ್ ಬಿಡಲಿಲ್ಲ. ಚಂದಯ್ಯನೇ ಬಾಗಿಲು ತೆಗೆದು ಇಳಿದ.

"ಬಾನೆಟ್ ತೆಗಿ" ಎಂದ.

ಅವನು ಎಲ್ಲೂ ಹುಡುಕಲಿಲ್ಲ. ಬಗ್ಗಿ, ಇಂಜಿನ್ನಿಗೆ ಗಾಳಿ ನೂಕುವ ಟರ್ಬೋದಿಂದ ಮುಂದಕ್ಕೆ ಹೋಗುವ ದಪ್ಪ ರಬ್ಬರ್ ಪೈಪನ್ನು ತೋರಿಸಿದ. "ಬಟ್ಟಿ ಹಿಡ್ಕೊ, ಬಿಸಿ ಇತ್ತ್. ಅಡಿಗ್ ಮುಟ್ಟಿ ಕಾಣ್."

ಬಟ್ಟೆ ದಾಟಿ ವಿನಯಾಳ ಬೆರಳಿಗೆ ಕಪ್ಪು ಎಣ್ಣೆ ಹತ್ತಿತು. ಪೈಪನ್ನು ಬಗ್ಗಿಸಿದಾಗ ಅಡಿಭಾಗದಲ್ಲಿ, ಕ್ಲಿಪ್ಪಿನ ಪಕ್ಕ, ಬೆರಳುದ್ದದ ಸೀಳು ಮೀನಿನ ಕಿವಿರಿನಂತೆ ತೆರೆದುಕೊಂಡಿತು. ಬಿಟ್ಟರೆ ಮುಚ್ಚಿಕೊಂಡು ಕಾಣಿಸದಾಯಿತು.

"ನಿಂತಲ್ಲೇ ಇದ್ರೆ ಮುಚ್ಕಂಡಿರತ್ತ್. ಏರಗೆ ಒತ್ತಡ ಬಂದ್ರೆ ಬಾಯ್ ಬಿಡತ್ತ್. ಗಾಳಿ ಹೊರಗ್ ಹೋಯ್ತ್ ಅಂದ್ರೆ ಇಂಜಿನ್‌ಗೆ ಎಂತ ಶಕ್ತಿ? ಸೋಲುಕೆ ಮುಂಚೆ ಸೂಂಯ್ ಅಂತ್ ಸದ್ದ್ ಬತ್ತ್. ಬೋಟಗೂ ಹೀಂಗೇ ಆಯ್ತಿತ್ತ್."

ವಿನಯಾ ತಲೆಯೆತ್ತಿದಳು. "ಅಪ್ಪಯ್ಯ, ಈ ಸದ್ದ್ ನಿಮ್ಗೆ ಯಾವಾಗಳಿಂದ ಗೊತ್ತಿತ್ತ್?"

ಚಂದಯ್ಯ ರಸ್ತೆಯ ಕಡೆ ನೋಡಿದ. "ಮೂರ್ನೇ ಸಲ ಸೋತ ದಿನವೇ."

"ಮತ್ತ್ ಎಂತಕ್ ಹೇಳ್ಲಿಲ್ಲೆ?"

"ಗಾಡಿ ಸಮ ಆದ್ರೆ ಆಸ್ಪತ್ರಿಗೆ ಹೋಯ್ಕಲ್ದಾ" ಎಂದ ಅವನು. "ನಾಕ್ ಗಂಟೆ ಆ ಸೂಜಿ ಚುಚ್ಕಂಡ್ ಮೇಲ್ ಕಾಣ್ತಾ ಮನಿಕಂಬುದ್. ಸಾಕಾಯ್ತ್ ಮಗಾ. ಗಾಡಿ ಒಳ್ಗೆ ನೀನೂ ಇದ್ದೆ ಅಂತ್ ನಂಗ್ ತಲಿಗೇ ಹೋಯ್ಲಿಲ್ಲೆ. ಈಗ ಆ ಟ್ಯಾಂಕರ್ ಕಂಡ್ ಮೇಲೇ..."

ವಿನಯಾಳ ಬಾಯಿಗೆ ಏನೇನೋ ಬಂತು. ಬಟ್ಟೆಯನ್ನು ನೆಲಕ್ಕೆ ಎಸೆದು, ರಸ್ತೆ ಬದಿಯಲ್ಲಿ ಇಪ್ಪತ್ತು ಹೆಜ್ಜೆ ನಡೆದುಹೋದಳು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು. ಗಡಿಯಾರ ನೋಡಿದಳು. ಹನ್ನೊಂದಕ್ಕೆ ಆಸ್ಪತ್ರೆಯಲ್ಲಿರಬೇಕು, ಇನ್ನು ಇಪ್ಪತ್ತೈದು ನಿಮಿಷ. ವಾಪಸು ಬಂದಳು.

"ಈಗ ಎಂತ ಮಾಡ್ಕ್, ಹೇಳಿ."

ಡಿಕ್ಕಿಯಲ್ಲಿ ಮೀನಿನ ಪೆಟ್ಟಿಗೆ ಕಟ್ಟುವ ರಬ್ಬರ್ ಪಟ್ಟಿ ಇತ್ತು, ಲಾರಿ ಟ್ಯೂಬಿನಿಂದ ಕತ್ತರಿಸಿದ್ದು. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಭಾರ ಹಾಕುವಂತಿರಲಿಲ್ಲ, ಹಾಗಾಗಿ ಚಂದಯ್ಯ ಹೇಳಿದ, ಅವಳು ಸುತ್ತಿದಳು. ಒಂದರ ಮೇಲೊಂದು, ಅರ್ಧರ್ಧ ಮುಚ್ಚುವಂತೆ, ಕೈ ಉರಿಯುವಷ್ಟು ಬಿಗಿಯಾಗಿ.

"ಐವತ್ರಗೆ ಹೋಪ. ಜಾಸ್ತಿ ಒತ್ತುದ್ ಬೇಡ" ಎಂದ.

ಕಾರು ಎಲ್ಲೂ ಸೋಲಲಿಲ್ಲ. ತಲುಪುವಾಗ ಹದಿನೈದು ನಿಮಿಷ ತಡವಾಗಿತ್ತು. ನರ್ಸು ಮುಖ ಸಿಂಡರಿಸಿದರೂ ಅವನನ್ನು ಒಳಗೆ ಕರೆದುಕೊಂಡಳು.

ಅವನು ಯಂತ್ರದ ಪಕ್ಕ ಮಲಗಿದ್ದ ಹೊತ್ತಿನಲ್ಲಿ ವಿನಯಾ ಕಾರನ್ನು ಹೆಮ್ಮಾಡಿಗೆ ಒಯ್ದಳು. ಪಟ್ಟಿ ಬಿಚ್ಚಿ ಪೈಪ್ ಬಗ್ಗಿಸಿ ನೋಡಿದ ಪ್ರೇಮಾನಂದನ ಮುಖ ಸಣ್ಣದಾಯಿತು. "ನಾನ್ ಮೇಲಿಂದ್ ಮಾತ್ರ ಕಂಡದ್. ತಪ್ಪಾಯ್ತ್ ಅಕ್ಕ" ಎಂದ. ಕುಂದಾಪುರದಿಂದ ಹೊಸ ಪೈಪ್ ತರಿಸಿ, ತಾನೇ ನಿಂತು ಹಾಕಿಕೊಟ್ಟ. ಟರ್ಬೋಗೆ ಏನೂ ಆಗಿರಲಿಲ್ಲ.

ಸಂಜೆ ಅಪ್ಪನನ್ನು ಕೂರಿಸಿಕೊಂಡು ಹೊರಡುವ ಮೊದಲು ಅವಳು ಹೇಳಿದಳು: "ಬೇಡ ಅಂತ್ ಕಂಡ್ರೆ ನನ್ನತ್ರ ಬಾಯ್ ಬಿಟ್ಟ್ ಹೇಳ್ಕ್. ಹೀಂಗ್ ಮಾಡುಕಾಗ."

"ಹೇಳ್ತೆ" ಎಂದ ಚಂದಯ್ಯ.

ಕಾರು ಮೊದಲಿನಂತೆ ಎಳೆಯಿತು. ಆದರೆ ಮುಂದಿನ ಸಲ ಅಪ್ಪ ಏನು ಹೇಳುತ್ತಾನೋ ಎಂದು ವಿನಯಾಳಿಗೆ ಎರಡು ದಿನ ನೆಮ್ಮದಿಯಿರಲಿಲ್ಲ. ಬುಧವಾರ ಬೆಳಿಗ್ಗೆ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತಿದ್ದ ಅಪ್ಪ ಅವಳನ್ನು ಕಂಡು ಹೇಳಿದ: "ಇವತ್ತ್ ಬಪ್ಪುಕೆ ಮನಸ್ಸಿಲ್ಲೆ ಮಗಾ."

ಅವಳು ಒತ್ತಾಯಿಸಲಿಲ್ಲ. ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಪಕ್ಕ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಅವನು ಗೋಡೆ ಹಿಡಿದು ನಿಧಾನಕ್ಕೆ ಎದ್ದು ಕಾರಿನ ಕಡೆ ತಿರುಗಿದ.

"ಹೋಪ" ಎಂದ.