ಮೊಳೆ ಹೊಡೆದ ಮಾವು

ಮಾವಿನ ಮಿಡಿಗಳನ್ನು ತೊಟ್ಟು ಮುರಿಯದ ಹಾಗೆ ಒರೆಸಿ, ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಕುಳಿತಿದ್ದೆ. ತೊಟ್ಟು ಹೋದ ಒಂದೇ ಮಿಡಿ ಸಾಕು, ಇಡೀ ಭರಣಿ ಕೆಡುತ್ತದೆ. ಅಷ್ಟರಲ್ಲಿ ನಫೀಸಮ್ಮ ಬಂದು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನನ್ನೆದುರು ಕುಕ್ಕಿದಳು. ನಾವಿಬ್ಬರೂ ಸೇರಿ ಹಾಕುವ ಉಪ್ಪಿನಕಾಯಿಯನ್ನು ಅರಂತೋಡಿನ ತನ್ನ ಅಂಗಡಿಯಲ್ಲಿ ಮಾರುವವಳು ಅವಳೇ.

"ಇದು ಎಂತದು ಹೇಳಿ ಕೌಸಲ್ಯಕ್ಕ."

ಒಳಗೆ ಒಂದು ಗೊಂಬೆ, ತುಂಡು ಪೆನ್ಸಿಲ್, 'ನಿಧಿ ಸಿಕ್ಕಿತು!' ಎಂದು ಯಾರು ಯಾರೋ ಗೀಚಿದ ಕಾಗದ. ಮುಚ್ಚಳದ ಮೇಲೆ ಉದ್ದದ ಅಂಕಿಗಳು.

"ಎಲ್ಲಿತ್ತು?"

"ತೋಡಿನ ಬದಿಯ ಕಾಟುಮಾವಿನಲ್ಲಿ. ಮೊಳೆ ಹೊಡೆದು ತೂಗಿಸಿದ್ದಾರೆ. ನೀವೇ ಬಂದು ನೋಡಿ."

ಕಾಟುಮಾವನ್ನು ಯಾರೂ ನೆಡುವುದಿಲ್ಲ. ತಾನೇ ಹುಟ್ಟಿ ತಾನೇ ಬೆಳೆದ ಮರದ ಮಿಡಿಯನ್ನು ಯಾರು ಬೇಕಾದರೂ ಕೊಯ್ಯಬಹುದು, ಇಲ್ಲಿನ ಪದ್ಧತಿಯೇ ಹಾಗೆ. ಹತ್ತಿದವರು ಮಿಡಿಯನ್ನು ಚೀಲಕ್ಕೆ ತುಂಬಿ ಹಗ್ಗ ಕಟ್ಟಿ ಇಳಿಸಬೇಕು. ಕೊಂಬೆ ಕಡಿಯಬಾರದು.

ಪುತ್ತೂರಿನ ಶಶಾಂಕ ಈ ಮರಗಳಿಗೆ ಕಸಿ ಕಟ್ಟಿ ತಳಿ ಉಳಿಸುತ್ತೇನೆ ಎಂದು ಬಂದಿದ್ದ. ಪ್ರತಿ ಮರದ ಜಾಗವನ್ನು ಫೋನಿನಲ್ಲಿ ಗುರುತು ಮಾಡಿ ಕೊಡಿ ಎಂದ. ಫೋನು ನಮ್ಮ ಜಾಗವನ್ನು ಯಾರಿಗೆಲ್ಲ ಹೇಳುತ್ತದೋ ಗೊತ್ತಿಲ್ಲ, ಬೇಡ ಎಂದೆ. ಕೈಯಲ್ಲಿ ಹಿಡಿಯುವ ಜಿಪಿಎಸ್ ಉಂಟು ಎಂದು ಅವನೇ ಎರಡನ್ನು ತಂದು ತೋರಿಸಿದ. ಒಂದಕ್ಕೆ ಚಂದದ ದೊಡ್ಡ ಪರದೆ, ಬೆರಳಿನಿಂದ ತೀಡುವಂಥದ್ದು. ನನ್ನ ಬೆರಳಿಗೆ ಯಾವಾಗಲೂ ಸೊನೆ, ಇಲ್ಲವೇ ಉಪ್ಪುನೀರು. ತೀಡಿದರೆ ಅದು ಕೇಳಲೇ ಇಲ್ಲ. ನಾನು ಆರಿಸಿದ್ದು ಗುಂಡಿ ಒತ್ತುವ ಗಿಡ್ಡ ಯಂತ್ರವನ್ನು. ಒದ್ದೆಯಾದರೂ ನಡೆಯುತ್ತದೆ, ಅದರ ಸೆಲ್ಲು ನಫೀಸಮ್ಮನ ಅಂಗಡಿಯಲ್ಲೇ ಸಿಗುತ್ತದೆ. ದಟ್ಟ ಎಲೆಯ ಅಡಿಯಲ್ಲಿ ಅಂಕಿಗಳು ಅತ್ತಿತ್ತ ಓಡುತ್ತವೆ. ಅವು ನಿಲ್ಲುವ ತನಕ ಬುಡದಲ್ಲಿ ಅಲುಗಾಡದೆ ನಿಲ್ಲಬೇಕು. "ಸಾಕು ಕೌಸಲ್ಯಮ್ಮ, ಬನ್ನಿ" ಎಂದು ಅವನು ಅವಸರ ಮಾಡುತ್ತಿದ್ದ. ನಾನು ನಿಂತೇ ಇರುತ್ತಿದ್ದೆ. ಯಾರಿಗೂ ಕೊಡುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡೇ ಆ ಗುರುತುಗಳನ್ನು ಕೊಟ್ಟದ್ದು.

ಕೊಡದೆ ಉಳಿದದ್ದು ಒಂದೇ ಮರ. ನೆಟ್ಟಣದ ಕಡೆ, ನನ್ನ ತವರಿನ ಗುಡ್ಡದಲ್ಲಿರುವ ಜೀರಿಗೆ ಪರಿಮಳದ ಮಾವು. ಅದರ ಜಾಗ ಕೇಳಿ ಶಶಾಂಕ ಕಳೆದ ವರ್ಷವೇ ಕಾಗದ ಬರೆದಿದ್ದ. ಕೊಡಲು ಮನಸ್ಸಿಲ್ಲ. ಎಲ್ಲರ ಮರವನ್ನು ನಾನೊಬ್ಬಳು ಬಚ್ಚಿಡುವುದೂ ಸರಿಯಲ್ಲ. ಉತ್ತರ ಬರೆಯಲು ಕುಳಿತಾಗಲೆಲ್ಲ ಇಲ್ಲಿಗೇ ಬಂದು ನಿಲ್ಲುತ್ತಿದ್ದೆ.

ಯಂತ್ರ ಹಿಡಿದುಕೊಂಡು ನಫೀಸಮ್ಮನ ಜೊತೆ ನೀರು ಹರಿಯುವ ಆ ತೋಡಿನ ಬದಿಗೆ ಹೋದೆ. ಕೈಗೆಟಕುವ ಕೊಂಬೆಗಳನ್ನೆಲ್ಲ ಕತ್ತಿಯಿಂದ ಕಡಿದು ಉರುಳಿಸಿದ್ದರು. ಮಿಡಿ ಹೊತ್ತುಕೊಂಡು ಹೋಗಿದ್ದರು, ಸೊಪ್ಪು ಅಲ್ಲೇ ಬಾಡುತ್ತಿತ್ತು. ಮೊಳೆಯ ಸುತ್ತ ಸೊನೆ ಕಪ್ಪಾಗಿತ್ತು. ಡಬ್ಬಿಯ ಮುಚ್ಚಳವನ್ನೂ ನನ್ನ ಯಂತ್ರವನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಕೊನೆಯ ಅಂಕಿಯವರೆಗೂ ನನ್ನದೇ ಗುರುತು.

ಅಲ್ಲಿಂದಲೇ ಫೋನು ಮಾಡಿದೆ.

"ಶಶಾಂಕ, ತೋಡಿನ ಬದಿಯ ಮರಕ್ಕೆ ಮೊಳೆ ಹೊಡೆದದ್ದು ಯಾರು?"

"ಓ, ಅದಾ! ಜಿಯೋಕ್ಯಾಶಿಂಗ್ ಅಂತ, ನಿಧಿ ಹುಡುಕುವ ಆಟ ಕೌಸಲ್ಯಮ್ಮ. ಜಿಪಿಎಸ್ ನೋಡಿ ಡಬ್ಬಿ ಹುಡುಕುದು. ಜನರಿಗೆ ಮರದ ಮೇಲೆ ಪ್ರೀತಿ ಬರ್ತದೆ."

"ಪ್ರೀತಿ ಬಂದವರು ಕೊಂಬೆ ಕಡಿದಿದ್ದಾರೆ."

"ಅದು ಆಟದವರಲ್ಲ. ಇಂಟರ್‌ನೆಟ್ಟಲ್ಲಿ ಜಾಗ ನೋಡಿ ಮಿಡಿ ವ್ಯಾಪಾರದವರು ಬಂದಿರ್ಬೇಕು."

"ನೆಟ್ಟಿಗೆ ಹಾಕಿದ್ದು ಯಾರು?"

"ಕಾಟುಮಾವು ಎಲ್ಲರದ್ದು ಅಂತ ನೀವೇ ಹೇಳಿದ್ದಲ್ವಾ?"

"ಕೊಯ್ಲಿಕ್ಕೆ ಎಲ್ಲರದ್ದು. ಕಡಿಲಿಕ್ಕೆ ಯಾರಪ್ಪನದ್ದೂ ಅಲ್ಲ!"

"ಸಮಾಧಾನ ಮಾಡಿ ಮಾರಾಯ್ರೆ. ಬೇಕಾದ್ರೆ ಎಲ್ಲಾ ಮರದ ಡಬ್ಬಿ ತೆಗೆಸುವ. ಮತ್ತೆ, ಆ ನೆಟ್ಟಣದ ಮರದ್ದು ನಂಬರು..."

ಫೋನು ಕಡಿದೆ. ಇಷ್ಟು ವರ್ಷ ಎಲ್ಲರೂ ನನ್ನನ್ನು ಸಮಾಧಾನಿ ಎಂದು ಹೊಗಳಿದ್ದು ಇದಕ್ಕಾಗಿಯೇ ಇರಬೇಕು, ನನ್ನಲ್ಲಿ ಎಂಥದನ್ನೂ ಕೇಳಬಹುದು ಎಂದು.

"ನಂಬರು ಕೊಡಿ ಅಕ್ಕ," ಎಂದಳು ನಫೀಸಮ್ಮ. "ನೆಟ್ಟಣ ಸ್ಟೇಷನಿನ ಕಕ್ಕಸಿನ ನಂಬರು ಕೊಡಿ. ಮೂಗು ಮುಚ್ಚಿಕೊಂಡು ನಿಧಿ ಹುಡುಕ್ಲಿ."

"ಸುಳ್ಳು ಯಾಕೆ ಹೇಳ್ಬೇಕು? ನಾನು ಎಂತ ಕಳ್ಳಿಯಾ?"

ಮನೆಗೆ ಬಂದು ಕೈ ತೊಳೆದು ಬರೆಯಲು ಕುಳಿತೆ. ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಬರೆಯುವುದು ಯಾವಾಗಲೂ ನಿಧಾನ. ಅಂದು ಪೆನ್ನು ಎಲ್ಲೂ ತಡೆಯಲಿಲ್ಲ.

'ಶಶಾಂಕನಿಗೆ. ನೆಟ್ಟಣದ ಮರದ ನಂಬರು ಕೊಡುವುದಿಲ್ಲ. ಕೊಟ್ಟ ಮಾತನ್ನು ನೀನು ಮುರಿದೆ. ನೆಟ್ಟಿಗೆ ಹಾಕಿದ್ದನ್ನೆಲ್ಲ ಅಳಿಸು. ಮರಗಳಿಂದ ಮೊಳೆ ಕೀಳಲು ನೀನೇ ಬಾ, ಆಳು ಕಳಿಸಬೇಡ. ಆ ಮಿಡಿ ಬೇಕಾದವರು ನನ್ನಲ್ಲಿಗೆ ಬರಲಿ. ನಾನೇ ಕರೆದುಕೊಂಡು ಹೋಗಿ ಬುಡದಲ್ಲಿ ನಿಂತು ಕೊಯ್ಯಿಸುತ್ತೇನೆ. ಕತ್ತಿ ತಂದವರನ್ನು ಗುಡ್ಡ ಹತ್ತಿಸುವುದಿಲ್ಲ. ಕೌಸಲ್ಯಾ.'

ಅಂಚೆ ಕಚೇರಿಯ ಹುಡುಗಿ ಲಕೋಟೆಯನ್ನು ತಿರುಗಿಸಿ ನೋಡಿದಳು. "ಸ್ಟಾಂಪ್ ಹಚ್ಚಿ ಡಬ್ಬಿಗೆ ಹಾಕಿದ್ರೆ ಸಾಕಲ್ವಾ ಅಜ್ಜಿ? ಅರ್ಜೆಂಟ್ ಉಂಟಾ?"

"ಒಂದು ವರ್ಷ ತಡ ಆಗಿದೆ. ಸ್ಪೀಡ್ ಪೋಸ್ಟ್ ಮಾಡು. ಅವನು ಸಹಿ ಹಾಕಿಯೇ ತೆಗೊಳ್ಬೇಕು."

ಅವಳು ಲಕೋಟೆಯನ್ನು ತೂಕಕ್ಕೆ ಇಟ್ಟಳು.