ಪಕ್ಕದ ಸೀಟು

“ಮೂರನೇದು ದುಡಿಯಾಕತ್ತಿಲ್ರಿ ಕಾಕಾ,” ಎಂದಳು ಗುಲಫಶಾ, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಮರಿಲಿಂಗಪ್ಪನಿಗೆ ಇದು ಹೊಸ ಸುದ್ದಿಯಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ನು. ಅವಳು ಒಂದೊಂದಾಗಿ, ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್‌ಗಳ ವೈರು ಬಿಡಿಸಿ ನೋಡುತ್ತಿದ್ದಳು. ಒಂದು, ಎರಡು, ನಾಲ್ಕನೆಯದನ್ನು ಬಿಡಿಸಿದಾಗ ಇಂಜಿನ್ನು ಉಸಿರು ಕಟ್ಟಿದಂತೆ ಕುಗ್ಗಿತು. ಮೂರನೆಯದನ್ನು ಬಿಡಿಸಿದರೆ ಕ್ಯಾರೇ ಅನ್ನಲಿಲ್ಲ. ಕಲಬುರಗಿಯಲ್ಲೂ ಯಾದಗಿರಿಯಲ್ಲೂ ಹೀಗೇ ನೋಡಿ, ಪ್ಲಗ್ಗು ಬದಲಿಸಿ, ಕಾಯಿಲ್ ಬದಲಿಸಿ, ಇನ್ನು ಚಿಂತೆಯಿಲ್ಲ ಎಂದು ಕಳಿಸಿದ್ದರು. ಮೂರು ವಾರ ಗಾಡಿ ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿತ್ತು. ಆಮೇಲೆ ಮತ್ತದೇ ಮಿಸ್ಸಿಂಗು, ಮತ್ತದೇ ಜಗ್ಗಾಟ.

ಗುಲಫಶಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮೆಹಬೂಬನ ಮಗಳು. ಅಪ್ಪ ತೀರಿದ ಮೇಲೆ ಸುರಪುರ ರಸ್ತೆಯ ಗ್ಯಾರೇಜನ್ನು ಅವಳೇ ನಡೆಸುತ್ತಿದ್ದಳು. ಹೆಣ್ಣುಮಗಳಿಗೆ ಇದೆಲ್ಲಿ ತಿಳಿದೀತು ಎಂದು ಶಹಾಪುರದ ಮಂದಿಯ ಜೊತೆ ಮರಿಲಿಂಗಪ್ಪನೂ ಅಂದುಕೊಂಡಿದ್ದ. ಊರೆಲ್ಲ ಸುತ್ತಿ ಸೋತ ಮೇಲೆ, ಮನೆಯಿಂದ ಮೂರು ಕಿಲೋಮೀಟರಿನ ಈ ಬಾಗಿಲಿಗೆ ಬಂದಿದ್ದ.

ಆ ಕಾರನ್ನು ಕಂಡು ನಗದವರಿರಲಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು ತೀರ್ಥಯಾತ್ರೆಗೆ ಹೋಗುತ್ತಾನೆ, ಇಲ್ಲವೇ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾನೆ. ಈ ಪುಣ್ಯಾತ್ಮ ಹೈದರಾಬಾದಿಗೆ ಹೋಗಿ, ಮೂರು ಕೈ ದಾಟಿದ್ದ ಕೆಂಪು ಸ್ಪೋರ್ಟ್ಸ್ ಕಾರು ತಂದ. ನೆಲಕ್ಕಂಟಿದಂಥದು. ಎರಡೇ ಬಾಗಿಲು, ಎರಡೇ ಸೀಟು. ಆ ಎರಡು ಸೀಟಿಗಾಗಿಯೇ ತಂದದ್ದು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ಐವತ್ತು ಮಂದಿ ಅವನ ಬೆನ್ನ ಹಿಂದೆ ಕೂತಿದ್ದರು, ಪಕ್ಕದಲ್ಲಿ ಒಬ್ಬರೂ ಕೂತಿರಲಿಲ್ಲ. ಹೆಂಡತಿ ಸಾವಿತ್ರಿಬಾಯಿಯನ್ನು ಒಮ್ಮೆ ಹಾಗೆ ಕೂರಿಸಿಕೊಂಡು ಸುರಪುರದವರೆಗೆ ಹೋಗಬೇಕೆಂಬುದು ಅವನ ಆಸೆ.

ಕೂರಿಸಿಕೊಂಡೂ ಹೋದ. ಹತ್ತಿ ಮಿಲ್ಲಿನ ಮುಂದೆ ಗಾಡಿ ಎಂಥ ಜಗ್ಗು ಹೊಡೆಯಿತೆಂದರೆ, ಅವಳ ತೊಡೆಯ ಮೇಲಿನ ಬುತ್ತಿ ಡಬ್ಬಿ ಡ್ಯಾಶ್‌ಬೋರ್ಡಿಗೆ ಬಡಿದು ಪಲ್ಯವೆಲ್ಲ ಚೆಲ್ಲಿತು. ಅವಳು ಇಳಿದು, ಬಂದ ಬಸ್ಸಿಗೆ ಕೈ ಮಾಡಿ ಮನೆಗೆ ಹೋದಳು. ಅಂದಿನಿಂದ ಆ ಬಾಗಿಲು ಮುಟ್ಟಿಲ್ಲ. ಅವಳು ಕೂರದ ಮೇಲೆ ಆ ಕಾರು ಅವನಿಗೆ ಏತಕ್ಕೆ? ಭಾನುವಾರ ಕಲಬುರಗಿಯವನೊಬ್ಬ ನೋಡಲು ಬರುವವನಿದ್ದ. ಕೊಟ್ಟುಬಿಡುವುದೆಂದು ಮನಸ್ಸು ಮಾಡಿಯಾಗಿತ್ತು.

“ಮೂರನೇದು ಅಂತ ಎಲ್ಲಾರೂ ಹೇಳ್ಯಾರ, ಬೇಟಿ. ಯಾಕ ಅನ್ನೂದು ಯಾರೂ ಹೇಳವಲ್ರು.”

“ಯಾವ್ಯಾವ ದಿನ ಹಿಂಗ ಮಾಡ್ಯೈತಿ, ನೆನಪೈತೇನ್ರಿ?”

ನೆನಪೇಕೆ? ಮೂವತ್ತೆರಡು ವರ್ಷ ಲಾಗ್‌ಶೀಟು ತುಂಬಿದ ಕೈ. ಅಂಗಿಯ ಕಿಸೆಯಿಂದ ಪುಟ್ಟ ನೋಟ್‌ಬುಕ್ಕು ಹೊರಬಂತು. ಗುಲಫಶಾ ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಂಡು ತಾರೀಖುಗಳನ್ನು ಓದಿದಳು. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಹಾಳೆಗಳನ್ನು ಹಿಂದಕ್ಕೆ ಮಗುಚಿದಳು. ನಾಲ್ಕು ತಿಂಗಳಲ್ಲೂ ಅವಳ ಬೆರಳು ಕಪ್ಪು ಚುಕ್ಕೆಯ ಪಕ್ಕದ ಮನೆಯಲ್ಲೇ ನಿಂತಿತು.

“ಕಾಕಾ, ಇದು ಪ್ರತಿ ಸಲ ಅಮಾಸಿ ಮರುದಿನ ಸುರು ಆಗೈತ್ರಿ. ಅಮಾಸಿಗಿ ಗಾಡಿಗೆ ಏನ್ ಮಾಡ್ತೀರಿ?”

“ಏನ್ ಮಾಡ್ತೀವಿ? ಪೂಜಿ. ಎಲ್ಲಾರೂ ಮಾಡಿದಂಗ.”

“ಕಾಕಿ ಕಾಯಿ ಎಲ್ಲಿ ಒಡೀತಾರ?”

ಮರಿಲಿಂಗಪ್ಪ ಇಂಜಿನ್ನಿನ ನೆತ್ತಿಯತ್ತ ಬೆರಳು ತೋರಿಸಿದ.

ಸಾವಿತ್ರಿಬಾಯಿ ಬಸ್ಸಿನ ಕಾಲದಿಂದಲೂ ಅಮಾವಾಸ್ಯೆ ತಪ್ಪಿಸಿದವಳಲ್ಲ. ಡಿಪೋ ಗೇಟಿಗೆ ಬಂದು ಮುಂದಿನ ಗಾಲಿಗೆ ಕಾಯಿ ಒಡೆದು ಹೋಗುತ್ತಿದ್ದಳು. ಕಾರು ಬಂದ ಮೊದಲ ಅಮಾವಾಸ್ಯೆಗೂ ಗಾಲಿಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತಿದ್ದಳು. ಹೊಳೆಯುವ ಗಾಲಿ ಕಲೆಯಾದೀತೆಂದು ತಡೆದು, ಬಾನೆಟ್ಟು ಎತ್ತಿ, “ಇದರ ಜೀವ ಇಲ್ಲೈತಿ ನೋಡು” ಎಂದು ದೊಡ್ಡಸ್ತಿಕೆಯಿಂದ ತೋರಿಸಿದವನು ಅವನೇ. ಅವಳು ಭಕ್ತಿಯಿಂದ ಕುಂಕುಮವಿಟ್ಟು, ಕಾಯಿ ನೀರನ್ನು ಅದರ ಜೀವದ ಮೇಲೆಯೇ ಸುರಿದಳು. ಗಾಡಿ ಜಗ್ಗಿದ ಮೇಲೆ ತನ್ನ ಪೂಜೆಯಲ್ಲೇ ಏನೋ ಕಡಿಮೆಯಾಯಿತೆಂದುಕೊಂಡು ಒಂದು ಕಾಯಿಗೆ ಎರಡು ಮಾಡಿದಳು. ಕಳೆದ ಸಲ ಮೂರು.

ಗುಲಫಶಾ ಮೂರನೇ ಕಾಯಿಲ್ ಕಿತ್ತು, ಪ್ಲಗ್ಗು ಕೂರುವ ಕುಳಿಗೆ ಟಾರ್ಚು ಬಿಟ್ಟಳು. ತಳದಲ್ಲಿ ಕೆಂಪಗೆ ಅಂಟಂಟು ಕೆಸರು, ಅದರೊಳಗೆ ಸತ್ತ ಇರುವೆಗಳು.

“ಎಲ್ಲಾರೂ ತುಕ್ಕು, ಜಂಗು ಅಂದ್ಕೊಂಡು ಒರಸಿ ಬಿಟ್ಟಿರಬೇಕ್ರಿ. ಜಂಗಿಗೆ ಇರುವಿ ಎಲ್ಲಿ ಮುತ್ತತಾವ?” ಎಂದು ನಕ್ಕಳು. “ಇಲ್ಲಿ ಮ್ಯಾಲಿನ ರಬ್ಬರ್ ಬಿರುಸಾಗಿ ಸೀಳೈತಿ. ಕುಂಕುಮದ ಕೂಡ ಕಾಯಿ ನೀರು ಇಳದು ಕರೆಂಟ್ ತಿಂದುಬಿಡ್ತೈತಿ.”

ಮರಿಲಿಂಗಪ್ಪನೂ ನಕ್ಕ. ನಗುತ್ತಿದ್ದವನ ಕಣ್ಣು ಯಾಕೋ ಮಂಜಾಯಿತು. ಮೂವತ್ತೆರಡು ವರ್ಷದಲ್ಲಿ ಒಂದು ಕೋಳಿಗೂ ಗಾಲಿ ತಾಗಿಸಿದವನಲ್ಲ ಎಂದು ಅವನಿಗೆ ಬೆಳ್ಳಿ ಪದಕ ಕೊಟ್ಟಿದ್ದರು. ಅದು ತನ್ನ ಕೈಯ ಗುಣ ಎಂದೇ ಹೇಳಿಕೊಂಡು ಬಂದಿದ್ದ. ಬಿಸಿಲಲ್ಲಿ ಡಿಪೋ ಗೇಟಿನ ಮುಂದೆ ಕಾಯಿ ಹಿಡಿದು ನಿಲ್ಲುತ್ತಿದ್ದವಳನ್ನು ಕಂಡರೆ ಸಂಗಡಿಗರು ನಗುತ್ತಾರೆಂದು ನಾಚುತ್ತಿದ್ದ. ಒಂದು ದಿನವಾದರೂ ಅವಳಿಗೆ ಒಂದು ಒಳ್ಳೆ ಮಾತು ಹೇಳಿದ್ದನೇ? ಇಲ್ಲ.

“ಆಕಿಗೆ ಪೂಜಿ ಬಿಡು ಅಂತ ಹ್ಯಾಂಗ ಹೇಳ್ಲಿ?”

“ಯಾಕ ಬಿಡಬೇಕ್ರಿ? ನೀರಿಗೆ ಬ್ಯಾರೆ ದಾರಿ ಮಾಡಿದ್ರ ಆತು.”

ಅವಳು ಕುಳಿ ತೊಳೆದು ಒಣಗಿಸಿ ಹೊಸ ರಬ್ಬರು ಕೂರಿಸಿದಳು. ಆಮೇಲೆ ಖಾಲಿ ಎಣ್ಣೆ ಡಬ್ಬಿಯನ್ನು ಕತ್ತರಿಸಿ ಬಡಿದು, ಇಂಜಿನ್ನಿನ ಅಗಲಕ್ಕೆ ಓರೆಯಾದ ಒಂದು ತಗಡು ಮಾಡಿದಳು. ಅಂಚು ಕೈ ಕುಯ್ಯದಂತೆ ಮಡಚಿದಳು. “ಪೂಜಿ ಮುಂದ ಇದನ್ನ ಇಡ್ರಿ, ಆದಮ್ಯಾಲೆ ತೆಗೀರಿ. ನೀರು ಸೀದಾ ಗಾಲಿ ಕಡೆ ಇಳೀತೈತಿ. ಕಾಕಿ ಮೊದ್ಲ ಡಿಪೋದಾಗ ಮಾಡತಿದ್ದುದೂ ಗಾಲಿಗೇ ಅಂತ ಅಪ್ಪ ಹೇಳತಿದ್ರಲ್ರಿ.”

“ನಿನ್ನ ಉಪಕಾರ ಮರಿಯಂಗಿಲ್ಲವ್ವ,” ಎಂದು ಮರಿಲಿಂಗಪ್ಪ ಎರಡೂ ಕೈ ಜೋಡಿಸಿದ. ಮಗಳ ವಯಸ್ಸಿನವಳಿಗೆ ಕೈ ಮುಗಿದೆನೆಂದು ಅವನಿಗೆ ಅನ್ನಿಸಲೇ ಇಲ್ಲ.

ಕಲಬುರಗಿಯವನಿಗೆ ಫೋನು ಮಾಡಿ, ಅಮಾವಾಸ್ಯೆ ದಾಟಲಿ, ಆಮೇಲೆ ಹೇಳುತ್ತೇನೆ ಎಂದ. ಗಾಡಿ ಸಲೀಸಾಗಿ ಓಡಿತು. ಆದರೆ ಸಲೀಸು ದಿನಗಳನ್ನು ಸಾವಿತ್ರಿಬಾಯಿ ಹಿಂದೆಯೂ ಕಂಡಿದ್ದಳು, ನಂಬಲಿಲ್ಲ.

ಅಮಾವಾಸ್ಯೆ ಬಂತು. ಅವಳು ಮೂರು ಕಾಯಿ ತಂದಳು. ಅವನು ಬಾನೆಟ್ಟು ಎತ್ತಿ ತಗಡನ್ನಿಟ್ಟ.

“ಇದೇನ್ರಿ ಇದು?”

ಅವನು ಎಲ್ಲ ಹೇಳಿದ. ಗುಲಫಶಾ ಕಂಡದ್ದು, ಕೆಂಪು ಕೆಸರು, ಇರುವೆ. ಅವಳ ಮುಖ ಸಣ್ಣದಾಯಿತು.

“ಅಂದ್ರ, ಕೆಡಿಸಿದಾಕಿ ನಾನ?”

“ತೋರಿಸಿಕೊಟ್ಟಾಂವ ನಾ. ನೀ ಕೆಡಿಸಲಿಲ್ಲ, ಸಾವಿತ್ರಿ. ನೀ ಇಷ್ಟು ವರ್ಷ ನನ್ನ ಕಾಯ್ದೀದಿ. ಹೇಳಲಿಲ್ಲ ನಾ, ಅಷ್ಟ.”

ಅವಳು ತಗಡಿನ ಓರೆಯ ಮೇಲೆ ಬೆರಳು ಎಳೆದು ನೋಡಿದಳು. ಒಂದೇ ಕಾಯಿ ಒಡೆದಳು. ನೀರು ತಗಡಿನ ಮೇಲೆ ಹರಿದು, ಮುಂದಿನ ಗಾಲಿಯ ಬಳಿ ನೆಲಕ್ಕೆ ಇಳಿಯಿತು.

ಮರುದಿನ ಬೆಳಿಗ್ಗೆ ಅವನು ಗಾಡಿ ಚಾಲೂ ಮಾಡಿ ಕೂತು ಕಿವಿಗೊಟ್ಟ. ನಾಲ್ಕೂ ದುಡಿಯುತ್ತಿದ್ದವು. ಎಡಗಡೆಯ ಬಾಗಿಲು ತೆರೆಯಿತು. ಸಾವಿತ್ರಿಬಾಯಿ ಸೆರಗು ಸರಿಮಾಡಿಕೊಂಡು ಬಗ್ಗಿ ಒಳಗೆ ಕೂತಳು. ಉಳಿದ ಎರಡು ಕಾಯಿ ಅವಳ ತೊಡೆಯ ಮೇಲಿದ್ದವು.

“ಆ ಹುಡುಗಿಗಿ ಕೊಟ್ಟ ಬರೂಣು ನಡೀರಿ.”

ಊರು ದಾಟುವವರೆಗೂ ಅವಳು ಕಾಯಿಗಳನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. ಹತ್ತಿ ಮಿಲ್ಲು ಬಂತು. ಅವನು ಅತ್ತ ನೋಡಲಿಲ್ಲ, ರಸ್ತೆಯನ್ನೇ ನೋಡಿದ. ಮಿಲ್ಲಿನ ಗೇಟು ಹಿಂದಾದ ಮೇಲೆ ಅವಳು ಒಂದು ಕೈ ತೆಗೆದು ಕಿಟಕಿಯ ಗಾಜು ಇಳಿಸಿದಳು. ಆಮೇಲೆ ಇನ್ನೊಂದು ಕೈಯನ್ನೂ ತೆಗೆದಳು. ಎರಡು ಕಾಯಿಗಳು ಅವಳ ಮಡಿಲಲ್ಲಿ ಒಂದಕ್ಕೊಂದು ಬಡಿಯದೆ ಸುಮ್ಮನೆ ಕೂತಿದ್ದವು.