ಮೀನು ಬಕೆಟ್ಟಿನಲ್ಲಿದ್ದ ದಿನ

ಮಗು ಬಾಯಿ ತೆರೆಯಿತು, ಅಷ್ಟೇ. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು.

ಅತ್ತೆ ಮಂಚದ ಮೇಲಿಂದಲೇ ಫೋನಿನತ್ತ ಕತ್ತು ಚಾಚಿ ಕಾದರು. ಅದು ಆಕಳಿಕೆಯೋ, ಅಳುವೋ, ನಗುವೋ? ತೆರೆಯ ನಡುವೆ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಆಮೇಲೆ ಅದೂ ಹೋಯಿತು.

"ಮತ್ತೆ ಕೈಕೊಡ್ತು ನೋಡಿ ಮಾವ!" ಎಂದು ಸೊಸೆ ಕೂಗಿದಳು.

ಅತ್ತೆಗೂ ಅವರ ತಂಗಿಗೂ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಇಬ್ಬರ ಮಾತೆಲ್ಲ ಕೈಯಲ್ಲೇ, ಕರೆಯುವ ಹೆಸರೂ ಕೈಯಲ್ಲೇ. ಎರಡೂ ಮನೆಯವರಿಗೆಲ್ಲ ಕೈಹೆಸರು ಇಟ್ಟವರು ಅತ್ತೆ. ಲಾರಿ ಓಡಿಸುತ್ತಿದ್ದ ಮಾವನ ಹೆಸರು ಗೇರ್ ಹಾಕುವ ಮುಷ್ಟಿ. ಸೊಸೆಯದು ಕಿವಿಯ ಹಿಂದೆ ಕೂದಲು ಸರಿಸುವ ಬೆರಳು. ಮೊದಲ ಸಲ ಈ ಮನೆಗೆ ಬಂದಾಗ ಅವಳು ನಾಚಿಕೊಂಡು ಹಾಗೆ ಮಾಡಿದ್ದೇ ಹೆಸರಾಗಿ ಅಂಟಿಕೊಂಡಿತ್ತು. ಈಗ ತಂಗಿಗೆ ಮೊಮ್ಮಗಳು ಹುಟ್ಟಿದ್ದಾಳೆ. ಫೋಟೋಗಳು ಬೇಕಾದಷ್ಟು ಬಂದಿದ್ದವು. ಆದರೆ ಅಲುಗಾಡದ ಮಗುವನ್ನು ನೋಡಿ ಹೆಸರಿಡುವುದು ಹೇಗೆ? ಹೋಗಿ ನೋಡೋಣವೆಂದರೆ ಅತ್ತೆಯ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಮಂಚದಿಂದ ಅಲುಗಾಡಕೂಡದು ಎಂದು ಡಾಕ್ಟರು ಹೇಳಿದ್ದರು. ಅಲ್ಲಿ ತಂಗಿಯ ಇಡೀ ಮನೆ ಸೇರಿ ಇವರ ಕೈಯನ್ನೇ ಕಾಯುತ್ತಿತ್ತು.

ಸೊಸೆ ಬೆಳಗಿನಿಂದ ವೈಫೈ ಡಬ್ಬಿಯ ಹಿಂದೆ ಬಿದ್ದಿದ್ದಳು. ಆರಿಸಿ ಹಚ್ಚಿದಳು, ಧೂಳು ಒರೆಸಿದಳು, ಅದರ ಕೊಂಬುಗಳನ್ನು ಎತ್ತಲೆಲ್ಲ ತಿರುಗಿಸಿದಳು, ಮನೆಯಲ್ಲಿದ್ದ ಬೇರೆ ಫೋನುಗಳನ್ನೆಲ್ಲ ಬಂದ್ ಮಾಡಿದಳು. ಡಬ್ಬಿ ನಡುಮನೆಯ ಗೂಡಿನಲ್ಲಿತ್ತು. ಗೋಡೆಯಿಂದ ಬರುವ ತಂತಿ ಗಿಡ್ಡ, ಎಳೆದಾಡುವಂತಿರಲಿಲ್ಲ. ಸಿಮ್ಮಿನ ನೆಟ್ ಆ ಓಣಿಯತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಅತ್ತೆ ಮಂಚವನ್ನು ಪಟಪಟ ತಟ್ಟಿದರು. ಸೊಸೆ ಬಂದ ಕೂಡಲೇ ಅವರ ಕೈ ಓಡತೊಡಗಿತು.

"ಮೀನು ಬಕೆಟ್ಟಿನಲ್ಲಿದ್ದ ದಿನ ಫೋನಿನಲ್ಲಿ ತಂಗಿಯ ಮುಖ ನಿಲ್ಲಲೇ ಇಲ್ಲ."

"ಯಾವ ಮೀನು ಅತ್ತೆ?" ಸೊಸೆಯೂ ಕೈಯಲ್ಲೇ ಕೇಳಿದಳು.

"ಇವರದ್ದೇ. ತೊಟ್ಟಿ ತೊಳೆಯೋಕೆ ನೀರೆಲ್ಲ ಖಾಲಿ ಮಾಡಿದ್ರಲ್ಲ. ಅವತ್ತು ತಂಗಿ ತನ್ನ ಬೀಗರ ಪುರಾಣ ಪೂರ್ತಿ ಹೇಳಿದ್ಲು. ಒಂದು ಬೆರಳೂ ತಪ್ಪಲಿಲ್ಲ."

ಸೊಸೆ ನಡುಮನೆಗೆ ಓಡಿದಳು. ಗೂಡಿನ ಮುಂದೆ, ಅತ್ತೆಯ ಕೋಣೆಯ ಬಾಗಿಲಿಗೆ ನೇರ ಅಡ್ಡವಾಗಿ, ಗಾಜಿನ ತೊಟ್ಟಿ. ಅದರ ತುಂಬ ನೀರು, ನೀರಿನಲ್ಲಿ ಕೆಂಪು ಮೀನುಗಳು. ಲಾರಿ ಬಿಟ್ಟ ಮೇಲೆ ಮಾವ ಕಟ್ಟಿಕೊಂಡ ಸಂಸಾರ ಅದು.

"ಮಾವ, ನಿಮ್ಮ ತೊಟ್ಟಿ ನೆಟ್ಟನ್ನೆಲ್ಲ ಕುಡೀತಾ ಇದೆ!"

"ಹುಚ್ಚೇನಮ್ಮ ನಿಂಗೆ? ನೀರಿಗೂ ಫೋನಿಗೂ ಎಲ್ಲಿಯ ನೆಂಟಸ್ತನ?" ಮಾವ ತೊಟ್ಟಿಗೆ ಬೆನ್ನು ಕೊಟ್ಟು ನಿಂತರು. "ಹೋದ ಸಲ ಬಕೆಟ್ಟಿಗೆ ಹಾಕಿದ್ದಕ್ಕೇ ದೊಡ್ಡದು ಸತ್ತುಹೋಯ್ತು. ಇವನ್ನ ಮುಟ್ಟೋಕೆ ಬಿಡಲ್ಲ."

ಅಷ್ಟರಲ್ಲಿ ತಂಗಿಯ ಬಾಣಂತಿ ಮಗಳ ಮೆಸೇಜು ಬಂತು. ಸೊಸೆ ಗಟ್ಟಿಯಾಗಿ ಓದಿದಳು: "ದೊಡ್ಡಮ್ಮಂಗೆ ಬೇಗ ವಿಡಿಯೋಗೆ ಬರೋಕೆ ಹೇಳಿ. ಹಾಲು ಕುಡಿದ್ರೆ ಪಾಪು ಮಲಗಿಬಿಡ್ತಾಳೆ."

ಮಾವ ಬಾಗಿಲ ಬಳಿ ಹೋಗಿ ಇಣುಕಿದರು. ಅತ್ತೆ ಏನೂ ಬೇಡಿಕೊಳ್ಳಲಿಲ್ಲ. ಗೇರ್ ಹಾಕುವ ಮುಷ್ಟಿಯನ್ನು ಒಮ್ಮೆ ಮಾಡಿ, ಸುಮ್ಮನೆ ಮಡಿಲಲ್ಲಿಟ್ಟುಕೊಂಡರು.

"ಬಕೆಟ್ ತಗೊಂಡು ಬಾ," ಎಂದರು ಮಾವ. "ದೊಡ್ಡದು. ತೊಟ್ಟಿ ನೀರೇ ಹಾಕು, ನಲ್ಲಿ ನೀರು ಬೇಡ."

ಆಮೇಲೆ ನಡುಮನೆ ನಡುಮನೆಯಾಗಿ ಉಳಿಯಲಿಲ್ಲ. ಮಗ್ಗು, ಚೊಂಬು, ಪಾತ್ರೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ಮೊಗೆದರು. ಒಂದು ಮೀನು ಸೊಸೆಯ ಅಂಗೈಯಿಂದ ಜಾರಿ ನೆಲದ ಮೇಲೆ ಪಟಪಟ ಕುಣಿಯಿತು.

"ಕಿರುಚ್ಬೇಡ್ವೇ, ಬೆದರ್ತಾವೆ!"

"ನಾನೇ ಬೆದರಿದೀನಿ ಮಾವ!"

ಮಾವ ಅದನ್ನು ಎರಡೂ ಕೈಯಲ್ಲಿ ಬಾಚಿ ಬಕೆಟ್ಟಿಗೆ ಬಿಟ್ಟರು. ಹಗುರಾದ ತೊಟ್ಟಿಯನ್ನು ಇಬ್ಬರೂ ತಳ್ಳಿ ಆಚೆ ಮೂಲೆಗೆ ಸೇರಿಸಿದರು. ಸೊಸೆ ಒದ್ದೆ ಕಾಲಲ್ಲೇ ಓಡಿ ಫೋನ್ ಒತ್ತಿದಳು.

ಮಗು ಬಾಯಿ ತೆರೆಯಿತು. ಅಗಲಕ್ಕೆ ತೆರೆದು, ಮುಚ್ಚಿತು. ಆಕಳಿಕೆ! ಅತ್ತೆ ಕುಲುಕುಲು ನಕ್ಕರು. ಮಗು ಕಾಲು ಝಾಡಿಸಿತು, ನಾಲಿಗೆ ಹೊರಗೆ ಹಾಕಿತು, ಯಾವುದೂ ಎಲ್ಲೂ ತಡೆಯಲಿಲ್ಲ. ಹಾಲು ತಡವಾಯಿತೆಂದು ಅಳುವ ಮುಂಚೆ ಒಂದೇ ಒಂದು ಹುಬ್ಬನ್ನು ಮೇಲೇರಿಸಿ ಎಲ್ಲರನ್ನೂ ದುರುಗುಟ್ಟಿ ನೋಡಿತು.

"ಅಯ್ಯೋ, ಥೇಟ್ ಇನ್ಸ್‌ಪೆಕ್ಟ್ರಮ್ಮ!" ಎಂದಳು ಸೊಸೆ.

ಅತ್ತೆ ಅವಸರ ಮಾಡಲಿಲ್ಲ. ಹುಬ್ಬು ಇನ್ನೊಮ್ಮೆ ಏರುವ ತನಕ ಕಾದರು. ಏರಿತು. ಆಗ ಅವರು ತೋರುಬೆರಳನ್ನು ತಮ್ಮ ಹುಬ್ಬಿಗೆ ಮುಟ್ಟಿಸಿ ಚಕ್ಕನೆ ಮೇಲಕ್ಕೆ ಹಾರಿಸಿದರು. ಆಚೆ ಕಡೆ ತಂಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ಬೆರಳು ಹುಬ್ಬಿಗೆ ಹೋಯಿತು, ಬಾಣಂತಿಯದು ಹೋಯಿತು, ಹಿಂದೆ ನಿಂತವರದ್ದೆಲ್ಲ ಹೋಯಿತು.

ಮಾವ ನಡುಮನೆಯಲ್ಲಿ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೆರೆದ ಬಾಗಿಲಿನಿಂದ ಅತ್ತೆಯ ಕೈಯನ್ನೇ ನೋಡುತ್ತಿದ್ದರು. ಕೆಂಪು ಮೀನುಗಳು ಇಕ್ಕಟ್ಟಿನಲ್ಲೇ ಸುತ್ತು ಹೊಡೆಯುತ್ತಿದ್ದವು, ಎಲ್ಲವೂ. ಮಾವ ಒದ್ದೆ ಬೆರಳನ್ನು ಹುಬ್ಬಿಗೆ ಒಯ್ದು ಹಾರಿಸಿದರು. ಸರಿಯಾಗಲಿಲ್ಲವೆನಿಸಿ ಇನ್ನೊಮ್ಮೆ ಹಾರಿಸಿದರು. ಹುಬ್ಬಿನಿಂದ ಒಂದು ಹನಿ ಇಳಿದು ಬಕೆಟ್ಟಿಗೆ ಬಿತ್ತು, ಕಾಳು ಬಿತ್ತೆಂದು ಮೀನುಗಳು ಮೇಲಕ್ಕೆ ಬಂದವು.